ನಕ್ಷೆಗೊಂದು ಜೇಬು

ಗೋಣಿಕೊಪ್ಪದ ಬೈಪಾಸಿನಲ್ಲಿ ನನ್ನ ಕುಶನ್ ಅಂಗಡಿ.
ಜೀಪಿನ ಹುಡ್, ಪಿಕಪ್ಪಿನ ಸೀಟು, ಕಣಕ್ಕೆ ಹಾಸುವ ಟಾರ್ಪಾಲು,
ಮೂವತ್ತು ವರ್ಷ ಹೊಲಿದದ್ದು ಇಷ್ಟೇ.
ಊರು ನನ್ನನ್ನು ಹಂಸ ಅನ್ನುತ್ತದೆ.
ರೆಕ್ಕೆ ಹೆಸರಿಗೆ ಮಾತ್ರ.

ಕಾಫಿ ಕುಯ್ಲು ಮುಗಿದ ವಾರ ಉತ್ತಯ್ಯನವರು ಬಂದರು.
ವಾಯುಸೇನೆಯಲ್ಲಿ ಇಪ್ಪತ್ತು ವರ್ಷ
ಬೇರೆಯವರ ವಿಮಾನಕ್ಕೆ ತಿರುಪು ಬಿಗಿದು
ಈಗ ಅಮ್ಮತ್ತಿಯ ಪಲ್ಪರ್ ಶೆಡ್ಡಿನಲ್ಲಿ
ಸ್ವಂತದ್ದೊಂದು ಕಟ್ಟುತ್ತಿರುವವರು.
‘ಹಂಸ, ಒಂದು ಜೇಬು ಬೇಕು.’
ಪ್ಯಾಂಟಿಗಾದರೆ ಮುಂದಿನ ಅಂಗಡಿ, ಎಂದೆ.
‘ನಕ್ಷೆಗೆ.’

ಅದು ಶೆಡ್ಡಿನಲ್ಲಿ ನಿಂತಿತ್ತು, ರೆಕ್ಕೆಗಳನ್ನು ಗೋಡೆಗೆ ಒರಗಿಸಿ,
ಮೆಣಸಿನ ಚೀಲದ ಘಾಟು, ಬಣ್ಣದ ಘಾಟು ಒಂದಾಗಿ.
ಕೂತು ನೋಡು ಎಂದರು. ಕೂತೆ.
ಮೊಣಕೈ ಎತ್ತಿದರೆ ಗೋಡೆ, ಮೊಣಕಾಲು ಮಡಚಿದರೆ ಕೋಲು,
ಇದಕ್ಕಿಂತ ಆಟೋದ ಡಿಕ್ಕಿ ವಿಶಾಲ.
ನಕ್ಷೆ ಕೈಗಿಟ್ಟರು. ಬಿಚ್ಚಿದೆ.
ಬಿಚ್ಚಿದಷ್ಟೂ ಬಿಚ್ಚಿಕೊಂಡಿತು, ಮದುವೆಮನೆಯ ಜಮಖಾನದಂತೆ:
ಅರಬ್ಬೀ ಸಮುದ್ರ ಎಡತೋಳಿನಾಚೆ ಜೋತುಬಿತ್ತು,
ಮೈಸೂರು ಬಲಗಡೆಯಿಂದ ಹೊರಗೆ ಇಣುಕಿತು,
ಮುಖಕ್ಕೆ ಅಡ್ಡ ಇಡೀ ಕೊಡಗು ನಿಂತು
ಎದುರಿಗಿದ್ದ ಕೊಡಗು ಕಾಣದಾಯಿತು.
‘ಹೀಗೇ ಹಾರಿದರೆ?’
ನಕ್ಷೆಯಲ್ಲಿರುವ ಬೆಟ್ಟಕ್ಕೇ ಹೊಡೆಯುತ್ತೇವೆ, ಎಂದೆ.

ಮೊದಲು ಮಡಿಕೆ ಕಲಿಸಿದರು.
ಸೀರೆಯ ಹಾಗಲ್ಲ, ಹಾರ್ಮೋನಿಯಂ ತಿದಿಯ ಹಾಗೆ:
ಪುಟ ತಿರುವಿದಂತೆ ಊರಿಂದ ಊರಿಗೆ ತಿರುವಬೇಕು,
ಗೆರೆ ಎಳೆದ ದಾರಿ ಮಡಿಕೆಯ ಸಂದಿಗೆ ಬೀಳಕೂಡದು.
ಮಡಿಕೆಯಲ್ಲಿ ಸವೆದುಹೋದ ಊರು
ಕೆಳಗೂ ಸಿಗುವುದಿಲ್ಲವಂತೆ.

ತೊಡೆಗೆ ಕಟ್ಟುವ ಹಲಗೆ ಮಾಡಿಕೊಟ್ಟೆ;
ಕೋಲು ವಾಲಿದಾಗಲೆಲ್ಲ ಬಂದು ಬಡಿಯಿತು.
ಮುಂದಿನ ಫಲಕಕ್ಕೆ ಪ್ಲಾಸ್ಟಿಕ್ ಹಾಳೆ ಹೊಲಿದೆ;
ಬಿಸಿಲು ಬಿದ್ದು ನಕ್ಷೆಯ ಬದಲು ನನ್ನದೇ ಗಡ್ಡ ಕಂಡಿತು.
ಸಿಲ್ವರ್ ಓಕಿನ ಎರಡು ಉರುಳೆ, ನಡುವೆ ಸುರುಳಿ,
ಹಿಡಿ ತಿರುವಿದರೆ ದಾರಿ ತಾನೇ ಸರಿಯುತ್ತದೆ.
ಚೆಂದವಿತ್ತು. ಆದರೆ ದಾರಿ ತಪ್ಪಿದವನಿಗೆ ಪಕ್ಕದ ಊರೂ ಬೇಕಲ್ಲ,
ಸುರುಳಿಗೆ ಪಕ್ಕವೇ ಇಲ್ಲ.

ಕೊನೆಗೆ ಎಡ ಮೊಣಕಾಲಿನ ಬಳಿ ಒಂದು ಚಪ್ಪಟೆ ಜೇಬು,
ಕರಿ ರೆಕ್ಸಿನ್, ಒಳಗೆ ಹಳೆ ಕಂಬಳಿಯ ಅಸ್ತರಿ.
ಬಾಯಿಗೆ, ನನ್ನ ಜಾಣತನ ನೋಡಿ,
ಹೆಂಗಸರ ಬ್ಯಾಗಿನ ಆಯಸ್ಕಾಂತದ ಗುಂಡಿ.
ಟಪ್ಪೆಂದು ಮುಚ್ಚಿತು. ಉತ್ತಯ್ಯನವರ ಮುಖ ಅರಳಿತು.
ಆಮೇಲೆ ಅವರು ದಿಕ್ಸೂಚಿ ನೋಡಿದರು.
ಎಣ್ಣೆಯಲ್ಲಿ ತೇಲುವ ಆ ಪುಟ್ಟ ಬುರುಡೆ
ಉತ್ತರ ಬಿಟ್ಟು ಮೆಲ್ಲಗೆ ಹೊರಳಿ
ನನ್ನ ಜೇಬಿನ ಕಡೆ ಮುಖ ಮಾಡಿತ್ತು.

ಯಾರೂ ಮಾತಾಡಲಿಲ್ಲ.
ಕಣದಲ್ಲಿ ಯಾರೋ ಕಾಫಿ ಕೆದರುವ ಸದ್ದು.
ದಿನಕ್ಕೆ ಐದು ಹೊತ್ತು ಒಂದೇ ದಿಕ್ಕಿಗೆ ನಿಲ್ಲುವವನು ನಾನು;
ಎಂಟು ರೂಪಾಯಿಯ ಗುಂಡಿಗೆ ಇಷ್ಟು ಬಲವೆಂದು
ನನಗೆ ಗೊತ್ತಿರಲಿಲ್ಲ.
ಕತ್ತರಿ ಹುಡುಕುವಷ್ಟು ತಾಳ್ಮೆಯಿಲ್ಲದೆ
ಹಲ್ಲಿನಲ್ಲೇ ನೂಲು ಕಚ್ಚಿ ಕಿತ್ತೆ.
ಕಬ್ಬಿಣದ ಜಿಪ್ಪೂ ಬೇಡ, ಟಿಚ್ ಬಟನ್ನೂ ಬೇಡ,
ಮರದ ಗುಂಡಿ, ಲಾಡಿಯ ಕುಣಿಕೆ.
ನೋಡದೆ ಕೈ ಹಾಕಿದರೂ ಸಿಗಬೇಕು ಎಂದರು,
ಚೇಲೆಗೆ ಸಿಕ್ಕಿಸಿದ ಪೀಚೆಕತ್ತಿ ಸಿಗುವ ಹಾಗೆ.
ಕಣ್ಣು ಮುಚ್ಚಿ ಕೈ ಚಾಚಿದೆವು,
ಅವರೊಮ್ಮೆ, ನಾನೊಮ್ಮೆ, ಸಂಜೆಯವರೆಗೆ.

ಪರವಾನಗಿ ಇನ್ನೂ ಬಂದಿಲ್ಲ. ಕಾಗದ ದೆಹಲಿಯಲ್ಲಿ ಕೂತಿದೆ.
ಮಳೆಗಾಲಕ್ಕೆಂದು ಮೇಲೊಂದು ಟಾರ್ಪಾಲು ಹೊಲಿದುಕೊಟ್ಟೆ,
ಅದಾದರೆ ನನಗೆ ಬರುವ ಕೆಲಸ.
ದುಡ್ಡು ಎಣಿಸುವಾಗ ಕೇಳಿದೆ: ನಕ್ಷೆಯಲ್ಲಿ ಗೋಣಿಕೊಪ್ಪ ಎಲ್ಲಿ?
ಕನ್ನಡಕ ಏರಿಸಿ ಹುಡುಕಿದರು.
ತಡಿಯಂಡಮೋಳಿಗೆ ಎತ್ತರ ಬರೆದಿತ್ತು, ಬ್ರಹ್ಮಗಿರಿಗೂ.
ನಮ್ಮೂರಿಗೆ ಎತ್ತರವಿಲ್ಲ, ಹೆಸರೂ ಇಲ್ಲ,
ಬರೀ ತೆಳು ಕಂದು ಬಣ್ಣ.
ಪೆನ್ಸಿಲ್ ನಾಲಗೆಗೆ ತಾಗಿಸಿ ಒಂದು ಚುಕ್ಕೆ ಇಟ್ಟರು.
‘ನಿನ್ನ ಅಂಗಡಿ.’
ಅಲ್ಲಿ ಇಳಿಸಬಹುದಾ, ಎಂದೆ.
ಬಹಳ ಹೊತ್ತು ಯೋಚಿಸಿದರು.
‘ಭಾನುವಾರ ಆಗಲ್ಲ. ಸಂತೆ.’