ಎಷ್ಟು ತಗ್ಗಲಿ

ಪಣಂಬೂರಿನ ಜೆಟ್ಟಿಯಲ್ಲಿ ಹಡಗಿನ ಮೈಮೇಲೆ
ಬಿಳಿ ಬಣ್ಣದಲ್ಲಿ ಬರೆದ ಅಂಕಿಗಳನ್ನು ಓದುವುದು ನನ್ನ ಕೆಲಸ.
ಕಲ್ಲಿದ್ದಲು ಹೊತ್ತು ಬಂದಾಗ ಎಷ್ಟು ಮುಳುಗಿತ್ತು,
ಖಾಲಿಯಾದ ಮೇಲೆ ಎಷ್ಟು ಎದ್ದಿತು.
ಅಲೆ ಏರಿದಾಗ ಒಂದು ಲೆಕ್ಕ, ಇಳಿದಾಗ ಒಂದು,
ನಡುವಿನದನ್ನು ಸತ್ಯವೆಂದು ಬರೆದು ಸಹಿ ಹಾಕುತ್ತೇನೆ.
ಇಪ್ಪತ್ತೆರಡು ವರ್ಷದಲ್ಲಿ ಯಾವ ಕ್ಯಾಪ್ಟನ್ನೂ
ಒಂದು ಸೆಂಟಿಮೀಟರಿಗಿಂತ ಹೆಚ್ಚಿಗೆ ನನ್ನೊಡನೆ ಜಗಳಾಡಿಲ್ಲ.

ಅಂಥವನು ಈಗ ಬೈಕಂಪಾಡಿಯಲ್ಲಿ, ಪುತ್ತುಮೋನುವಿನ ಗ್ಯಾರೇಜಿನಲ್ಲಿ,
ಟಯರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ಕೂತಿದ್ದೇನೆ.
ನಾಲ್ಕು ಬೆರಳು ಸಲೀಸಾಗಿ ಹೋಗುತ್ತವೆ.
ನಾಲ್ಕೂ ಚಕ್ರ ಎಳೆಯುವ ಸೆಡಾನು,
ಹನ್ನೊಂದು ವರ್ಷ ಹಳೆಯದು, ನನಗೆ ಹೊಸದು,
ಉಡುಪಿಯ ದಂತವೈದ್ಯರೊಬ್ಬರಿಂದ ಕೊಂಡದ್ದು.
ಓಡುವಾಗ ಚೆಂದ. ನಿಂತರೆ ಮಾತ್ರ
ಲುಂಗಿ ಎತ್ತಿಕಟ್ಟಿ ಹೊಳೆ ದಾಟುವವನ ಹಾಗೆ.

ಪುತ್ತುಮೋನು ಮೂರು ಪೆಟ್ಟಿಗೆ ತಂದು ಬಿಚ್ಚಿದ:
ಕೆಂಪು, ನೀಲಿ, ಒಂದು ಬರಿಯ ಕಪ್ಪು.
"ಕೆಂಪು ಐವತ್ತು ಮಿಲಿಮೀಟರ್ ಇಳಿಸ್ತದೆ,
ಫೋಟೋಕ್ಕೆ ಒಳ್ಳೇದು, ಕೂಳೂರು ಸೇತುವೆಗೆ ಅಲ್ಲ.
ನೀಲಿ ಅಗ್ಗ. ಆದರೆ ಅದು ಮುಂದಿನೆರಡೇ ಚಕ್ರ ಎಳೆಯುವ ಗಾಡಿಗೆ.
ನಿಮ್ಮದಕ್ಕೆ ಹಿಂದೆಯೂ ಡಿಫರೆನ್ಷಿಯಲ್ ಉಂಟಲ್ಲ ಸಾರ್,
ಆ ಭಾರ ಗೊತ್ತಿಲ್ಲದ ಸ್ಪ್ರಿಂಗು ಹಾಕಿದರೆ
ಹಿಂಬದಿ ಕೂತೇ ಬಿಡ್ತದೆ, ಊಟ ಮುಗಿಸಿದ ಬೀಗರ ಹಾಗೆ."
ಕಪ್ಪಿನ ಬಗ್ಗೆ ಏನೂ ಹೇಳಲಿಲ್ಲ.
ಕೈಯಲ್ಲಿ ತೂಗಿ ನೋಡಿ ಮತ್ತೆ ಇಟ್ಟ.

ನನಗೆ ಅರ್ಥವಾಯಿತು. ಹಡಗಿಗೂ ಅಷ್ಟೇ,
ಎಷ್ಟು ಮುಳುಗಿತು ಎನ್ನುವುದಕ್ಕಿಂತ
ಮೂತಿಯೋ ಬಾಲವೋ ಎನ್ನುವುದು ದೊಡ್ಡ ಮಾತು.
ಅದರ ಪಕ್ಕೆಯ ಮೇಲೊಂದು ವೃತ್ತ, ವೃತ್ತದ ನಡುವೆ ಗೆರೆ:
ಇಲ್ಲಿಯವರೆಗೆ, ಇನ್ನು ಬೇಡ.
ಬೇಸಗೆಗೊಂದು ಗೆರೆ, ಚಳಿಗಾಲಕ್ಕೊಂದು,
ಸಿಹಿನೀರಿಗೆ ತುಸು ಮೇಲೊಂದು.
ಕಾರಿಗೆ ಆ ಗೆರೆ ಎಳೆದವರಿಲ್ಲ.

ಮನೆಯಿಂದ ಬಂದರಿಗೆ ಹದಿನಾಲ್ಕು ಹಂಪು.
ಕುಳಾಯಿಯ ಶಾಲೆಯೆದುರಿನದು ಹಂಪಲ್ಲ, ಯಾರದೋ ಸಮಾಧಿ.
ಕಾಂಕ್ರೀಟು ಮುಗಿದು ಡಾಮರು ಶುರುವಾಗುವಲ್ಲಿ ಮೂರು ಬೆರಳ ಮೆಟ್ಟಿಲು,
ಜೂನ್ ಕಳೆದ ಮೇಲೆ ಅದರ ಆಳ
ನೀರು ಇಳಿದಾಗಲೇ ತಿಳಿಯಬೇಕು.
ಹಿಂದಿನ ಸೀಟಿನಲ್ಲಿ ಶಿಫ್ಟಿನ ಮೂವರು:
ವಿಲ್ಮಾ, ದೂಮಪ್ಪ ಸಾಲ್ಯಾನ್,
ಮತ್ತೆ ಕ್ರೇನಿನ ಕಾಸಿಂ, ಒಬ್ಬನೇ ಇಬ್ಬರ ಲೆಕ್ಕ.

"ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು"
ಎಂದಳು ಜಲಜಾಕ್ಷಿ, ಬಂಗುಡೆ ತೊಳೆಯುತ್ತ, ತಲೆಯೆತ್ತದೆ.
"ಮತ್ತೆ ದುಡ್ಡು ಕೊಟ್ಟು ಯಾಕೆ ಬಗ್ಗಿಸುವುದು?"

ಕದ್ರಿ ಗುಡ್ಡ ಇಳಿಯುವ ತಿರುವಿನಲ್ಲಿ
ಗಾಡಿ ವಾಲದೆ, ನೆಲ ಹಿಡಿದುಕೊಂಡು ಹೋಗುವ ಸುಖ
ಎಂದು ಏನೋ ಶುರುಮಾಡಿ ನಿಲ್ಲಿಸಿದೆ.
ನಿಜ ಬೇರೆ ಇತ್ತು. ಇಷ್ಟು ಕಾಲ
ಬೇರೆಯವರ ಮುಳುಗನ್ನು ಅಳೆದವನಿಗೆ
ಒಂದು ಸಲ, ಇಷ್ಟು ಎಂದು ತಾನೇ ಹೇಳುವ ಆಸೆ.

ಕಪ್ಪು. ಇಪ್ಪತ್ತೈದು ಮಿಲಿಮೀಟರ್.
ಪುತ್ತುಮೋನು ಆಗಲೇ ಜ್ಯಾಕ್ ಏರಿಸುತ್ತಿದ್ದ.
ಹಳೆಯ ಸ್ಪ್ರಿಂಗುಗಳನ್ನು ಪೇಪರಿನಲ್ಲಿ ಸುತ್ತಿ ಡಿಕ್ಕಿಗೆ ಹಾಕಿ,
"ಎಸೀಬೇಡಿ, ಮನಸ್ಸಿಗೆ ವಾರಂಟಿ ಇಲ್ಲ.
ಹೊಸದು ಸರಿಯಾಗಿ ಕೂರಲಿಕ್ಕೆ ಸಾವಿರ ಕಿಲೋಮೀಟರ್ ಬೇಕು,
ಆಮೇಲೆ ಬನ್ನಿ, ಅಲೈನ್‌ಮೆಂಟ್ ನೋಡುವ."

ಮರುದಿನ ಶಾಲೆಯ ಹಂಪಿನ ಮೇಲೆ
ಹಿಂದೆ ಮೂವರೂ ಉಸಿರು ಬಿಗಿಹಿಡಿದರು, ಭಾರ ಕಮ್ಮಿಯಾದೀತೆಂದು.
"ತಾಗಿತಾ?" ಎಂದ ದೂಮಪ್ಪ.
"ಇಲ್ಲ" ಎಂದೆ.
ಚೂರು ತಾಗಿತ್ತು. ಆದರೂ ಸಹಿ ಹಾಕಿದೆ.

ಮಧ್ಯಾಹ್ನ ಬಂದರಿನ ಗೇಟಿನ ಕರಿನಾಯಿ
ದಿನದಂತೆ ನನ್ನ ಕಾರಿನಡಿಯ ನೆರಳಿಗೆ ಬಂತು.
ಬೆನ್ನು ತಗುಲಿತು. ಹಿಂದೆ ಸರಿದು,
ಬಂಪರನ್ನು ಮೂಸಿ, ನನ್ನ ಮುಖ ನೋಡಿ,
ಒಂದಿಂಚು ಹೆಚ್ಚಿಗೆ ಬಗ್ಗಿ
ಒಳಗೆ ಹೋಗಿ ಮಲಗಿತು.