ನಡುಗೋಡೆಯ ತಟ್ಟೆ

ಹದಿನೇಳು ವರ್ಷ ಗಾಜಿನ ತಟ್ಟೆ ತೊಳೆದೀನಿ
ರಾಯಚೂರಿನ ಈ ಕಾಲೇಜಿನೊಳಗ.
ಬೂಷ್ಟು ಕೆರೆದು, ಬಿಸಿನೀರಾಗ ಅದ್ದಿ,
ಕುಕ್ಕರಿನಂಥ ಹಂಡೇದಾಗ ಬೇಯಿಸಿ
ಅರಿವಿ ಮ್ಯಾಲ ಬೋರಲು ಹಾಕೋದು ನನ್ನ ಕೆಲಸ.
ತಟ್ಟೆಯೊಳಗ ಏನು ಬೆಳೀತು, ಏನು ಸತ್ತಿತು,
ಅದು ಓದಿದವರ ಲೆಕ್ಕ.
ಮೂಗು ಮಾತ್ರ ನಂದು.

ರುಬೀನಾ ಮೇಡಂ ಮಾನ್ವಿಯಾಕಿ. ಆ ವರ್ಷ
ಕವಿತಾಳದ ಕಡಿಂದ ಒಂದು ಚೀಲ ಎರೆಮಣ್ಣು ತಂದರು.
ದುರುಗಮ್ಮ ಅಂಬಾಕಿ ಹೊಲ.
ಸುತ್ತ ನಾಕು ಎಕರೆ ತೊಗರಿ ನೆಟೆ ಬಡಿದು
ಹೂವು ಬಿಡೋ ಹೊತ್ತಿಗೆ ನಿಂತಲ್ಲೇ ಒಣಗ್ಯಾವ,
ಮೂಲ್ಯಾಗ ಎಂಟು ಸಾಲು ಮಾತ್ರ ಹಸರು.
ಯಾಕ ಅಂತ ಕೇಳಿದರ ದುರುಗಮ್ಮ
ಎಲಿಅಡಿಕಿ ಒಂದು ದವಡಿಯಿಂದ ಇನ್ನೊಂದಕ್ಕ ದಾಟಿಸಿ
"ಆ ಮೂಲಿ ಮೊದಲಿಂದಾನೂ ಹಂಗ" ಅಂದಳಂತ.
ಅಷ್ಟೇ.

ನಡುವ ಗೋಡಿ ಇರೋ ತಟ್ಟೆ ನೋಡೀರೇನು?
ಗಾಜಿಂದೇ ಗೋಡಿ, ಉಗುರಿನಷ್ಟು ಎತ್ತರ.
ಈ ಕಡೆ ಎಂಟು ಸಾಲಿನ ಮಣ್ಣಿನ ಅಣುಜೀವಿ,
ಆ ಕಡೆ ನೆಟೆ ತರೋ ಶಿಲೀಂಧ್ರ.
ನೀರು ದಾಟಂಗಿಲ್ಲ, ಅನ್ನ ದಾಟಂಗಿಲ್ಲ.
ಮುಚ್ಚಳದ ಕೆಳಗ ಒಂದು ಬೆರಳು ಗಾಳಿ,
ಇಬ್ಬರಿಗೂ ಕೂಡಿ ಅದೊಂದೇ ಹಿತ್ತಲ.

ಆರನೇ ದಿನ ಬಾಜೂಕಿನ ತಟ್ಟೆದಾಗ
ಶಿಲೀಂಧ್ರ ಹತ್ತಿಯಂಗ ಅರಳಿ ಅಂಚು ಮುಟ್ಟಿತ್ತು,
ತಳದಾಗ ತೆಳ್ಳನ ಗುಲಾಬಿ.
ಈ ತಟ್ಟೆದಾಗ ಹಾಕಿದ್ದು ಹಾಕಿದಷ್ಟೇ,
ಸಾಸಿವಿ ಕಾಳಿನಷ್ಟು.
ಮೇಡಂ ನನ್ನ ಕಡೆ ನೋಡಿದರು:
"ಯಂಕೋಬಣ್ಣ, ತಟ್ಟೆಗೆ ಸೋಪು ಉಳಿದಿತ್ತೇನು?"
ಹದಿನೇಳು ವರ್ಷದಾಗ ಆ ಮಾತು
ಯಾರೂ ಅಂದಿರಲಿಲ್ಲ ನನಗ.

ಅವತ್ತು ರಾತ್ರಿ ಉಣಲಿಲ್ಲ. ಮರುದಿನ
ನಲವತ್ತು ತಟ್ಟೆ ಏಳು ನೀರಾಗ ತೊಳೆದು
ಒಂದೊಂದೂ ಬಿಸಿಲಿಗೆ ಹಿಡಿದು ತೋರಿಸಿ ಕೊಟ್ಟೆ.
ಮತ್ತ ಅದೇ ಸಾಸಿವಿ ಕಾಳು,
ನಲವತ್ತರಾಗ ಮೂವತ್ತೇಳು.
ಉಳಿದ ಮೂರು ಯಾಕ ಮಾತು ಕೇಳಲಿಲ್ಲ
ಇವತ್ತಿಗೂ ಗೊತ್ತಿಲ್ಲ.

ಒಂದರ ಮುಚ್ಚಳ ತೆಗೆದು ಮೂಸಿದೆ. ಮೂಸಬಾರದು,
ಗೋಡಿ ಮ್ಯಾಲ ಕೆಂಪು ಅಕ್ಷರದಾಗ ಬರದೈತಿ.
ಮೊದಲು ಬೆಣ್ಣಿ, ಕಾಸಾಕ ಇಟ್ಟು ಮರೆತದ್ದು.
ಅದರ ಹಿಂದ ಜಜ್ಜಿದ ಬಳ್ಳೊಳ್ಳಿ.
ಅದಕ್ಕೂ ಹಿಂದ, ಸರಿಯಾಗಿ ಹೇಳಾಕ ಬರವಲ್ದು,
ಹಗೇವಿನ ಬಾಯಿ ತೆಗೆದಾಗ ಬರೋ ಉಸಿರು.

ನಮ್ಮಪ್ಪ ಕಂದೀಲು ಹಗ್ಗಕ್ಕ ಕಟ್ಟಿ
ಮೊದಲು ಅದನ್ನ ಹಗೇವಿನೊಳಗ ಇಳಿಸುತ್ತಿದ್ದ.
ದೀಪ ಆರಿದರ ಮನುಷ್ಯ ಇಳಿಯಂಗಿಲ್ಲ.
ಅದೇ ಗಾಳಿ ಒಳಗ ಜ್ವಾಳ ಕಾದಿರತಿತ್ತು
ಒಂದು ಹುಳ ಮುಟ್ಟದಂಗ.
ಇಷ್ಟು ಹೇಳಿದೆ. ಮೇಡಂ ಬರಕೊಂಡರು.
ಬೆಣ್ಣಿ, ಬಳ್ಳೊಳ್ಳಿ ಅಂತನೂ ಬರಕೊಂಡು
ಗಾಳೀನ ಸೀಸೆದಾಗ ತುಂಬಿ ದೂರದ ಮಷೀನಿಗೆ ಕಳಿಸಿದರು.
ಮಷೀನು ಹದಿನಾಲ್ಕು ಹೆಸರು ಕೊಟ್ಟಿತು.
ಮೊದಲನೇದು ಬೆಣ್ಣೀದೇ ಅಂತ ಹೇಳಿ
ನನಗೊಂದು ಚಾ ತರಿಸಿದರು.

ಆದರ ನಾ ಮೂಸಿದ ಆ ತಟ್ಟೆ?
ಮುಚ್ಚಳ ಸರಿಯಾಗಿ ಕುಂದರಿಸಿರಲಿಲ್ಲ ನಾನು.
ಎರಡು ದಿನಕ್ಕ ವಾಸನಿ ಹಾರಿಹೋಗಿ
ಸಾಸಿವಿ ಕಾಳು ಎದ್ದಿತ್ತು, ಬೆಳ್ಳಗ,
ಏನೂ ಆಗಿಲ್ಲದವರಂಗ.
ಸತ್ತಿರಲಿಲ್ಲ ಅದು. ಕಾಯಕತ್ತಿತ್ತು.

ಬಯಲ ಹೊಲಕ್ಕ ಮುಚ್ಚಳ ಯಾರು ಹಾಕ್ತಾರ?
ಕೇಳಿದೆ. ಮೇಡಂ ಸುಮ್ಮನಿದ್ದು, ಆಮ್ಯಾಲ
ಎರೆಮಣ್ಣಿನ ಹೆಂಟಿ ಮುರಿದು ತೋರಿಸಿದರು.
ಒಳಗ ಕೂದಲೆಳಿಯಂಥ ಓಣಿ, ಕತ್ತಲ ಕೋಣಿ,
ಹಳೇ ಬೇರು ಕೊಳೆತು ಬಿಟ್ಟುಹೋದ ಕೊಳವಿ.
ಇಲ್ಲೆಲ್ಲ ಉಸಿರು ನಿಂತಿರಬೇಕು ಅಂದರು.
'ಇರಬೇಕು' ಅಂದರು. 'ಐತಿ' ಅನ್ನಲಿಲ್ಲ.
ಸೋಪಿನ ಮಾತು ನಾನು ಮರೆತದ್ದು ಅವತ್ತೇ.

ಕಟಾವಿಗೆ ಮುಂಚೆ ಹೊಲಕ್ಕ ನನ್ನೂ ಕರಕೊಂಡು ಹೋದರು.
ಎರೆ ಬಿರಿದಿತ್ತು, ಕೈ ಹಿಡಿಸುವಷ್ಟು.
ಎಂಟನೇ ಸಾಲಿನ ಬುಡಕ್ಕ ಮೊಣಕಾಲೂರಿ
ಬಿರುಕಿಗೆ ಮೂಗು ಇಟ್ಟೆ.
ದುರುಗಮ್ಮ ನಕ್ಕಳು: "ಏನ್ ಬಂತೋ ಯಪ್ಪಾ?"
ಧೂಳು, ತೊಗರಿ ಸಿಪ್ಪಿ, ಆಕಿ ಬಾಯಿನ ಎಲಿಅಡಿಕಿ.
ಬೆಣ್ಣಿ?
ಬಂದಂಗಾತು. ಗಾಳಿ ತಿರುಗಿತು.
ಒಂಬತ್ತನೇ ಸಾಲಿಗೆ ಸರಿದೆ.