ಕೇರಾಫ್

ಫೋರ್ಟಿನ ರಾತ್ರಿಶಾಲೆಯ ಹಾಜರಿ ಪುಸ್ತಕ,
ಗೆದ್ದಲು ಬಿಟ್ಟುಕೊಟ್ಟಷ್ಟು.
ಮೂವತ್ತೆಂಟನೇ ಇಸವಿ. ಕಪ್ಪು ಬಸಿ ತೊಳೆದ ಕೈಗಳು
ಒದ್ದೆಯಲ್ಲೇ ಸಹಿ ಮಾಡಿವೆ.

ಹುಡುಗನಿಗೊಂದು ಚುಕ್ಕಿ, ವಿಳಾಸಕ್ಕೊಂದು ಚುಕ್ಕಿ,
ನಡುವೆ ಗೆರೆ.
ರಂಗೋಲಿಯಲ್ಲ ಇದು; ಇಲ್ಲಿ ಚುಕ್ಕಿ ತಪ್ಪಿದರೆ
ಒಬ್ಬ ಮನುಷ್ಯ ಕಡಿಮೆ.

ಎಂಟರ್ ಒತ್ತಿದೆ. ಗೆರೆಗಳೆಲ್ಲ ಒಂದೇ ಕಡೆ ಓಡಿದವು
ಆರೂ ಹತ್ತರ ಲೋಕಲ್ಲಿಗೆ ಜನ ನುಗ್ಗಿದ ಹಾಗೆ:
ಕೇರಾಫ್ ಐತಪ್ಪ ಮೂಲ್ಯ, ಸ್ಟೋವ್ ರಿಪೇರಿ, ಬಜಾರ್‌ಗೇಟ್.
ಸೆಕ್ರೆಟರಿ, ದಾನಿ, ಹೋಟೆಲಿನ ಧಣಿ,
ಫೋಟೋದಲ್ಲಿ ಕುರ್ಚಿ ಸಿಕ್ಕವರೆಲ್ಲ
ಅಂಚಿನಲ್ಲಿ ಸಾಸಿವೆಕಾಳು.

ಒಳಗೆ ಬರುವ ಗೆರೆ ನೂರ ಹನ್ನೆರಡು,
ಹೊರಗೆ ಹೋಗುವುದು ಸೊನ್ನೆ.
ಅವನಿಗೆ ಯಾರು ಕೇರಾಫ್?

ಒಂದು ಪುಟದ ಬದಿಗೆ ಮೇಷ್ಟರ ಸೀಸಕಡ್ಡಿ:
‘ಮೂಲ್ಯನಿಗೆ ಅಕ್ಷರ ಬಾರದು. ಸೇರಿಕೋ ಅಂದೆ.
ರಾತ್ರಿ ಎಂಟು ಸ್ಟೋವಿಗೆ ಪಿನ್ನು ಹಾಕುವುದಿದೆ ಅಂದ.
ಹುಡುಗರ ಕಾಗದಗಳನ್ನು ಸೀಮೆಎಣ್ಣೆ ತಾಗದಂತೆ
ತಲೆದಿಂಬಿನೊಳಗೆ ಇಡುತ್ತಾನೆ.’

ಇದನ್ನು ಯಾವ ಕಾಲಮ್ಮಿಗೆ ಹಾಕಲಿ?
ಸುಮ್ಮನೆ ಆ ಚುಕ್ಕಿಯನ್ನು ಬೆರಳಿಂದ
ಒಂಚೂರು ಪಕ್ಕಕ್ಕೆಳೆದು ನೋಡಿದೆ.
ಇಡೀ ಫೋರ್ಟು ಅಲ್ಲಾಡಿತು.